ಕಂಬಕ್ಕೆ ಹೇಳಿದ ಮಾತು

ನಮ್ಮ ಮಸಗುಪ್ಪಿಯಲ್ಲಿ, ನನ್ನ ಮನೆಯ ಕಿಟಕಿಯ ನೇರಕ್ಕೆ, ಎದೆಯೆತ್ತರದ ಒಂದು ಕಲ್ಲಿನ ಕಂಬವಿದೆ. ಅದನ್ನು ನೆಡಿಸಿದವಳು ನಾನೇ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದೆ. ಅಂದರೆ ಮೂವತ್ತೊಂದು ವರ್ಷ ಮಕ್ಕಳಿಂದ ಯುದ್ಧಗಳ ಇಸವಿ ಬಾಯಿಪಾಠ ಮಾಡಿಸಿದೆ. ನಿವೃತ್ತಿಯಾದ ಮೇಲೆ ಅದಕ್ಕೇನಾದರೂ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು ಅನಿಸಿತು. ಎಷ್ಟೋ ದೇಶಗಳಲ್ಲಿ ಜನ ತಮ್ಮ ತಮ್ಮ ಊರಿನಲ್ಲಿ ಶಾಂತಿ ಕಂಬ ನೆಡುತ್ತಾರೆ, ಹೋಗುವಾಗ ಬರುವಾಗ ಅದು ಕಣ್ಣಿಗೆ ಬಿದ್ದು ಲೋಕದ ಶಾಂತಿ ನೆನಪಾಗಲಿ ಎಂಬುದು ಉದ್ದೇಶ ಎಂದು ಎಲ್ಲೋ ಓದಿದ್ದೆ. ಗೋಕಾಕದ ಕಲ್ಲು ಕೆತ್ತುವ ಗುರುಪಾದ ನಾಲ್ಕು ಮುಖದ ಕಂಬ ಮಾಡಿಕೊಟ್ಟ. ಒಂದು ಮುಖಕ್ಕೆ ಕನ್ನಡ, ಒಂದಕ್ಕೆ ಮರಾಠಿ, ಒಂದಕ್ಕೆ ಉರ್ದು, ಒಂದಕ್ಕೆ ಇಂಗ್ಲಿಷ್. ನಾಲ್ಕರಲ್ಲೂ ಒಂದೇ ಮಾತು: ಲೋಕದಲ್ಲಿ ಶಾಂತಿ ನೆಲೆಸಲಿ.

ನೆಟ್ಟ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನ ಬೆಳಿಗ್ಗೆ ಕಿಟಕಿ ತೆಗೆದರೆ ಮಾಲಿಂಗನ ಆಡು ಕಂಬಕ್ಕೆ ಕಟ್ಟಿಸಿಕೊಂಡು ನಿಂತಿತ್ತು.

“ಮಾಲಿಂಗ, ಅದು ಶಾಂತಿ ಕಂಬ ಐತೊ ತಮ್ಮಾ” ಅಂದೆ.

“ಅದಕ್ಕಽ ಕಟ್ಟೇನ್ರಿ ಅಕ್ಕೋರ. ಬ್ಯಾರೆ ಕಡೆ ಕಟ್ಟಿದ್ರ ಒಂದ ಸವನ ಒದರತೈತಿ. ಇಲ್ಲಿ ನೋಡ್ರಿ, ಹೆಂಗ ಸುಮ್ಮನ ನಿಂತೈತಿ!”

ಆದರೆ ಕಂಬದ ನಿಜವಾದ ಉಪಯೋಗ ಆಡಿನಿಂದಾಗಲಿಲ್ಲ. ಅದು ಗೌರಕ್ಕ ಮತ್ತು ಶಿವವ್ವರಿಂದ ಆಯಿತು.

ಇಬ್ಬರೂ ನೆಗೆಣ್ಣಿಯರು. ಗೌರಕ್ಕ ಅಣ್ಣ ಶಿದ್ಲಿಂಗಪ್ಪನ ಹೆಂಡತಿ, ಶಿವವ್ವ ತಮ್ಮ ಅಪ್ಪಣ್ಣನ ಹೆಂಡತಿ. ಕಂಬದ ಆ ಕಡೆ ಒಬ್ಬಳ ಮನೆ, ಈ ಕಡೆ ಒಬ್ಬಳ ಮನೆ. ಅಣ್ಣತಮ್ಮಂದಿರು ಒಂದೇ ಬೈಕಿನಲ್ಲಿ ಕಬ್ಬಿನ ಹೊಲಕ್ಕೆ ಹೋಗುತ್ತಾರೆ, ಒಂದೇ ಬಸಿಯಲ್ಲಿ ಚಹಾ ಹಂಚಿಕೊಳ್ಳುತ್ತಾರೆ. ಹೆಂಗಸರಿಬ್ಬರು ಮಾತ್ರ ಆರು ವರ್ಷದಿಂದ ಮಾತು ಬಿಟ್ಟಿದ್ದರು.

ಕಾರಣ ಒಂದು ತಾಟು. ಆರು ವರ್ಷದ ಹಿಂದೆ ಗೌರಕ್ಕ ಗೋಧಿ ಬೆಲ್ಲದ ಮಾದಲಿ ಮಾಡಿ ತಾಟು ತುಂಬ ಶಿವವ್ವನ ಮನೆಗೆ ಕಳಿಸಿದಳು. ತಾಟು ಖಾಲಿ ತಿರುಗಿ ಬಂತು. ನಮ್ಮ ಕಡೆ ಯಾರ ಪಾತ್ರೆಯನ್ನೂ ಖಾಲಿ ಕಳಿಸುವುದಿಲ್ಲ, ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಉದುರಿಸುತ್ತಾರೆ. ತಾನು ಬೆಲ್ಲದ ತುಂಡು ಇಟ್ಟೇ ಕಳಿಸಿದೆ ಎಂದು ಶಿವವ್ವನ ವಾದ. ತಾಟು ಹಿಡಿದು ಓಣಿ ದಾಟಿದವನು ಅಪ್ಪಣ್ಣ. ಅವನನ್ನು ಯಾರೂ ಕೇಳಲಿಲ್ಲ. ಸಿಹಿ ಎಂದರೆ ಪ್ರಾಣ ಬಿಡುವ ಅಪ್ಪಣ್ಣ ತಾನಾಗಿ ಹೇಳಲೂ ಇಲ್ಲ.

ಮಾತು ಬಿಟ್ಟವರು ಹೇಳಬೇಕಾದ್ದನ್ನು ಹೇಳದೆ ಇರುತ್ತಾರೆಂದಲ್ಲ. ಮೂರನೆಯದಕ್ಕೆ ಹೇಳುತ್ತಾರೆ, ಅಷ್ಟೆ. ಎದುರಿಗಿರುವ ಗೋಡೆಗೆ, ಕಟ್ಟಿದ ದನಕ್ಕೆ, ತೂಗುವ ತೊಟ್ಟಿಲಿಗೆ. ಕೇಳಬೇಕಾದವರಿಗೆ ಕೇಳಿಸುತ್ತದೆ, ಮಾತಾಡಿದ ಅವಮಾನ ಮಾತ್ರ ಇರುವುದಿಲ್ಲ. ಇವರಿಬ್ಬರಿಗೆ ಓಣಿಯ ನಡುವೆ ಕಟ್ಟುತ್ತಿದ್ದ ಒಂದು ಮುದಿ ಎಮ್ಮೆ ಇತ್ತು. “ಏ ಎಮ್ಮಿ, ಹೇಳ ಆಕಿಗಿ, ನಳ ಬಂದೈತಿ, ಕೊಡ ತರ್ಲಿ” ಎಂದು ಒಬ್ಬಳು ಕೂಗಿದರೆ, “ಏ ಎಮ್ಮಿ, ಹೇಳ, ನನಗೂ ಕಿವಿ ಅದಾವು” ಎಂದು ಇನ್ನೊಬ್ಬಳು. ಐದು ವರ್ಷ ಆ ಎಮ್ಮೆ ಇಬ್ಬರ ಮಾತನ್ನೂ ಮೆಲುಕು ಹಾಕಿ, ಒಂದು ದಿನ ಸತ್ತುಹೋಯಿತು. ಆಮೇಲೆ ನಾಲ್ಕು ತಿಂಗಳು ಓಣಿ ತಣ್ಣಗಾಯಿತು. ಇಬ್ಬರೂ ಬಾಗಿಲಿಗೆ ಬಂದು ನಿಲ್ಲುವರು, ಖಾಲಿ ಗೂಟ ನೋಡುವರು, ಒಳಗೆ ಹೋಗುವರು. ಶಿವವ್ವನಿಗೆ ಊಟ ಸೇರದಾಯಿತು. ಗೌರಕ್ಕನಿಗೆ ಎದೆಯುರಿ ಶುರುವಾಯಿತು.

ಅಂಥ ಹೊತ್ತಿನಲ್ಲಿ ನಾನು, ಮುಂದೇನಾಗುವುದೆಂದು ಗೊತ್ತಿಲ್ಲದೆ, ಆ ಗೂಟದ ಜಾಗದಲ್ಲೇ ಶಾಂತಿ ಕಂಬ ನೆಡಿಸಿದೆ.

ಮೂರನೆಯ ದಿನ ಬೆಳಿಗ್ಗೆ ಶಿವವ್ವ ಹೊರಗೆ ಬಂದು ಕಂಬವನ್ನು ಮೇಲಿಂದ ಕೆಳಗೆ ನೋಡಿ, ಗಂಟಲು ಸರಿಮಾಡಿಕೊಂಡಳು. “ಏ ಕಲ್ಲಽ, ಹೇಳ ಆಕಿಗಿ. ಆಕಿ ಕರಾ ನನ್ನ ಜ್ವಾಳದ ರಾಶಿಗೆ ಬಾಯಿ ಹಾಕೇತಿ.”

ಗೌರಕ್ಕ ಎದುರು ಬಾಗಿಲಿನಿಂದ ಚಿಮ್ಮಿದಂತೆ ಬಂದಳು. ಮುಖದಲ್ಲಿ ಎಂಥಾ ಕಳೆ! “ಏ ಕಲ್ಲಽ, ಹೇಳ. ನನ್ನ ಕರಾ ಒಳ್ಳೇ ಜ್ವಾಳ ಇದ್ದಲ್ಲೇ ಬಾಯಿ ಹಾಕತೈತಿ. ಆಕಿದು ಹುಳಾ ಹತ್ತಿದ್ದು.”

ಹುಕ್ಕೇರಿಯಿಂದ ನನ್ನ ಕಾಲೇಜಿನ ಗೆಳತಿ ರಾಜೇಶ್ವರಿ ಫೋನು ಮಾಡಿ, “ನಿನ್ನ ಕಂಬದಿಂದ ಶಾಂತಿ ಏನರೆ ಆತೇನ?” ಎಂದು ಕೇಳಿದಳು. ನಾನು ಫೋನನ್ನು ಕಿಟಕಿಯ ಆಚೆ ಹಿಡಿದೆ. ಸ್ವಲ್ಪ ಹೊತ್ತು ಕೇಳಿ ಅವಳು ಗಾಬರಿಯಾದಳು. “ಏನವ್ವಾ ಇದು, ಯಾರ್ನರೆ ಹೊಡ್ಯಾಕತ್ತಾರೇನ?”

“ಇಲ್ಲ, ಇಬ್ಬರ್ದೂ ತಬ್ಬೇತ ಈಗ ಸುಧಾರಿಸೇತಿ” ಅಂದೆ.

ಹೀಗೆ ಎಂಟು ತಿಂಗಳು ನಡೆಯಿತು. ಒಂದು ಮಧ್ಯಾಹ್ನ ಶಿವವ್ವ ಮೊಸರಿಗೆ ಹೆಪ್ಪು ಕೇಳಲು ಹಿತ್ತಲ ಬಾಗಿಲಿನಿಂದ ನನ್ನ ಮನೆಗೆ ಬಂದಿದ್ದಳು. ಅಷ್ಟರಲ್ಲಿ ಹೊರಗೆ ಗೌರಕ್ಕನ ದನಿ ಕೇಳಿತು. ನಾವಿಬ್ಬರೂ ಕಿಟಕಿಗೆ ಹೋದೆವು. ಗೌರಕ್ಕ ಕಂಬದ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತು, ಎದುರಿನ ಬಾಗಿಲ ಕಡೆ ಮುಖ ಮಾಡಿ, ಭರ್ಜರಿಯಾಗಿ ಬಯ್ಯುತ್ತಿದ್ದಳು. ಎದುರಿನ ಬಾಗಿಲಲ್ಲಿ ಒಗೆದು ಒಣಹಾಕಿದ ಒಂದು ಕೆಂಪು ಸೀರೆ ಗಾಳಿಗೆ ಆಡುತ್ತಿತ್ತು.

“ಏ ಕಲ್ಲಽ, ಹೇಳ ಆಕಿಗಿ. ಹಂಗ ಸುಮ್ಮನ ನಿಂತ್ರ ನಾ ಬಿಡಾಕಿ ಅಲ್ಲ. ಕುಣದಾಡಿದ್ರೂ ಬಿಡಾಕಿ ಅಲ್ಲ!”

ಶಿವವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನೂ ನಕ್ಕೆ. ಗೌರಕ್ಕ ನಿಲ್ಲಿಸಲಿಲ್ಲ. ಸೀರೆಗೆ ಅದರ ತವರುಮನೆಯ ಮೂರು ತಲೆಮಾರು ನೆನಪಿಸಿದಳು. ಶಿವವ್ವನ ನಗು ನಿಧಾನವಾಗಿ ನಿಂತಿತು.

“ಅಕ್ಕೋರ,” ಅಂದಳು ಸಣ್ಣ ದನಿಯಲ್ಲಿ. “ಆಕಿಗಿ ಕಾಣವಲ್ದರಿ.”

ಹೆಪ್ಪಿನ ಬಟ್ಟಲು ಅಲ್ಲೇ ಬಿಟ್ಟು ಹಿತ್ತಲಿನಿಂದ ಓಡಿ, ತನ್ನ ಮನೆಯನ್ನು ಹಿಂದಿನಿಂದ ಹೊಕ್ಕು, ಮುಂಬಾಗಿಲಲ್ಲಿ ಸೀರೆಯ ಪಕ್ಕ ಪ್ರತ್ಯಕ್ಷಳಾದಳು. “ಏ ಕಲ್ಲಽ, ಹೇಳ. ನಾ ಎಲ್ಲಾ ಕೇಳೇನಿ” ಎಂದು ಏದುಸಿರಿನಲ್ಲಿ ಉತ್ತರ ಕೊಟ್ಟಳು. ಗೌರಕ್ಕ ಸಮಾಧಾನದಿಂದ ಒಳಗೆ ಹೋದಳು. ತಾನು ಸೀರೆಯನ್ನು ಬಯ್ದೆ ಎಂಬುದು ಅವಳಿಗೆ ಗೊತ್ತೇ ಆಗಲಿಲ್ಲ.

ಮರುದಿನದಿಂದ ಶಿವವ್ವನ ಕೈಗೆ ಮೊಣಕೈತನಕ ಗಾಜಿನ ಬಳೆ ಬಂದವು. ಹೊರಗೆ ಬರುವ ಮೊದಲು ಬಾಗಿಲಲ್ಲಿ ನಿಂತು ಕೈ ಝಾಡಿಸಿ, ಗಲಗಲ ಸದ್ದು ಮಾಡಿಯೇ ಕಂಬದ ಹತ್ತಿರ ಬರುತ್ತಿದ್ದಳು. ತಾನು ಎಲ್ಲಿ ನಿಂತಿದ್ದೇನೆ ಎಂಬುದು ಗೌರಕ್ಕನಿಗೆ ತಿಳಿಯಲಿ ಎಂದು. ಅರವತ್ತರ ಹತ್ತಿರದ ಹೆಂಗಸು ಮದುಮಗಳ ಹಾಗೆ ಬಳೆ ಹಾಕಿಕೊಂಡಿದ್ದಕ್ಕೆ ಓಣಿಯವರೆಲ್ಲ ನಕ್ಕರು. ಗೌರಕ್ಕನೂ ಬಿಡಲಿಲ್ಲ. “ಏ ಕಲ್ಲಽ, ಕೇಳ, ಯಾರ ಎತ್ತಿನ ಗಾಡಿ ಬಂತು?”

ಶಿವವ್ವ ಅದನ್ನೂ ನುಂಗಿಕೊಂಡಳು.

ಇನ್ನು ಗೌರಕ್ಕ ಯಾಕೆ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದಳು ಎಂಬುದು. ಅವಳ ಒಬ್ಬಳೇ ಮಗಳು ಮೇಘಾ ಯಮಕನಮರಡಿಗೆ ಕೊಟ್ಟ ಹುಡುಗಿ. ಏಳು ತಿಂಗಳ ಬಸುರಿ, ಚೊಚ್ಚಿಲ ಬಾಣಂತನಕ್ಕೆ ತವರಿಗೆ ಬರುವವಳು. ಕೂಸಿಗೆ ಎರೆಯುವುದರಲ್ಲಿ ಗೌರಕ್ಕನದು ಊರಲ್ಲೇ ಎತ್ತಿದ ಕೈ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಎರೆದಳೆಂದರೆ ಎಂಥಾ ಹಟಮಾರಿ ಕೂಸೂ ಅರ್ಧ ದಿನ ನಿದ್ದೆ ಹೋಗುತ್ತಿತ್ತು. ನಮ್ಮ ಓಣಿಯಲ್ಲಿ ಈಗ ಕಾಲೇಜಿಗೆ ಹೋಗುವವರೆಲ್ಲ ಅವಳ ಕಾಲ ಮೇಲೆ ಮಿಂದವರೇ. ಈಗ ಸ್ವಂತ ಮೊಮ್ಮಗು ಬರುವ ಹೊತ್ತಿಗೆ ಕಣ್ಣು ಮಂಜಾದರೆ, “ಬ್ಯಾಡ ಬಿಡವ್ವ, ನಿನಗ ಕಾಣಂಗಿಲ್ಲ” ಎಂದು ಎಲ್ಲಿ ಕೂಸನ್ನು ಕೈಗೆ ಕೊಡುವುದಿಲ್ಲವೋ ಎಂದು ಅವಳ ಹೆದರಿಕೆ.

ಆ ವಾರ ಯಾರೋ ಕಂಬದ ಕನ್ನಡದ ಮುಖಕ್ಕೆ ಅಂಟು ಬಳಿದು ಒಂದು ಕಾಗದ ಹಚ್ಚಿ ಹೋಗಿದ್ದರು. ಸಿಟ್ಟಿನಿಂದ ಹರಿಯಲು ಹೋದವಳು ಓದಿ ಕೈ ತಡೆದೆ. ಗೋಕಾಕದಲ್ಲಿ ಕಣ್ಣಿನ ಪೊರೆ ತೆಗೆಯುವ ಶಿಬಿರ, ಬರುವ ಸೋಮವಾರ. ಅದರ ನಂತರದ್ದು ದೀಪಾವಳಿ ಆದ ಮೇಲೆ. ಅಷ್ಟರಲ್ಲಿ ಮೇಘಾಳ ಹೆರಿಗೆ ಆಗಿಬಿಟ್ಟಿರುತ್ತದೆ. ಕೆಳಗೆ ಒಂದು ಸೂಚನೆ: ಹೆಣ್ಣು ರೋಗಿಗಳ ಜೊತೆ ಮನೆಯ ಒಬ್ಬ ಹೆಣ್ಣುಮಗಳು ಎರಡು ದಿನ ಇರಲೇಬೇಕು, ಗಂಡಸರಿಗೆ ಒಳಗೆ ಪ್ರವೇಶವಿಲ್ಲ.

ನಾನು ಗೌರಕ್ಕನ ಮನೆಗೆ ಹೋಗಿ ವಿಷಯ ಎತ್ತಿದೆ.

“ನನಗೇನಾಗೇತ್ರಿ ಅಕ್ಕೋರ? ಎಲ್ಲಾ ಕಾಣತೈತಿ. ಈಗ ನೀವು ಹಸರ ಸೀರಿ ಉಟ್ಟೀರಿ.”

ನನ್ನದು ಬೂದು ಬಣ್ಣದ ಸೀರೆ. “ಚೊಲೋ ಹೇಳಿದಿ ನೋಡವ್ವ” ಎಂದು ಎದ್ದು ಬಂದೆ. ನನ್ನಿಂದ ಆಗುವ ಕೆಲಸವಲ್ಲ ಅನಿಸಿತು.

ಆ ಕೆಲಸ ಸಂಜೆ ಕಂಬದಿಂದಾಯಿತು. ಬಳೆ ಗಲಗಲ ಅಂದವು. ಶಿವವ್ವ ಬಂದು ನಿಂತಳು. ಅವತ್ತು ಅವಳ ದನಿಯಲ್ಲಿ ಯಾವತ್ತಿನ ಜೋರಿರಲಿಲ್ಲ.

“ಏ ಕಲ್ಲಽ, ಹೇಳ ಆಕಿಗಿ. ಹಸಿಕೂಸಿನ ಕಿವ್ಯಾಗ ನೀರು ಹೋದ್ರ ಮುಂದೇನಂತ ಕೇಳ. ಸೀರಿಗೂ ಮನಷ್ಯಾರಿಗೂ ಫರಕ ಕಾಣದಾಕಿ ಕೈಯಾಗ ಮೇಘಾ ಕೂಸ ಕೊಡ್ತಾಳಂತೇನ?”

ಬಳೆ ಸದ್ದಿಗೆ ಹೊರಬಂದಿದ್ದ ಗೌರಕ್ಕನ ಬಾಯಿ ತೆರೆದದ್ದು ತೆರೆದೇ ಇತ್ತು. “ಏ ಕಲ್ಲಽ,” ಎಂದು ತಡವರಿಸಿದಳು, “ಸೀರಿ ಅಂದ್ರ ಯಾವ ಸೀರಿ?”

“ಕೆಂಪ ಸೀರಿ. ಅದಕ್ಕ ಇನ್ನೂ ಸಿಟ್ಟ ಇಳದಿಲ್ಲಂತ, ಹೇಳ.”

ಗೌರಕ್ಕ ಕಂಬವನ್ನು ಹಿಡಿದು ನಿಂತಳು. ಆಮೇಲೆ ಕಲ್ಲಿಗೇ ಹೇಳುವವಳ ಹಾಗೆ ಮೆಲ್ಲಗೆ ಹೇಳಿದಳು: “ಹೋಗಾಕ ನಾ ತಯಾರ ಅದೇನಿ. ಜೋಡಿ ಯಾರ ಬರ್ತಾರ? ಮೇಘಾ ಹೊಟ್ಟಿ ಹೊತ್ತಕೊಂಡ ಬರಾಕ ಆಗತೈತೇನ?”

ನಾನು ಕಿಟಕಿಯಿಂದಲೇ, “ನಾ ಬರ್ತೇನಿ” ಅಂದೆ.

ಶಿವವ್ವ ನನ್ನ ಕಡೆ ನೋಡದೆ ಕಂಬಕ್ಕೆ ಹೇಳಿದಳು: “ಸೋಮಾರ ನನಗೂ ಗೋಕಾಕದಾಗ ಕೆಲಸ ಐತಿ. ಪಾತ್ರೆಗೆ ಕಲಾಯಿ ಹಾಕಸೋದೈತಿ. ಎರಡ ದಿನದ ಕೆಲಸ. ಆಕಿ ಸಲುವಾಗಿ ಅಂತ ತಿಳಕೋಬ್ಯಾಡ ಅನ್ನ.”

ಸೋಮವಾರ ಬೆಳಿಗ್ಗೆ ಶಿವವ್ವ ಕಲಾಯಿ ಹಾಕಿಸಲು ಬಸ್ಸು ಹತ್ತಿದಳು. ಕೈಯಲ್ಲಿ ಪಾತ್ರೆ ಒಂದೂ ಇರಲಿಲ್ಲ. ಹೊದಿಕೆ, ದಿಂಬು, ಗೌರಕ್ಕನಿಗೆ ಸೇರುವ ಶೇಂಗಾ ಚಟ್ನಿಯ ಡಬ್ಬಿ ಇದ್ದವು. ಮೂವರ ಸೀಟಿನಲ್ಲಿ ನಡುವೆ ನಾನು ಕೂತೆ.

“ಅಕ್ಕೋರ, ಕಿಡಕಿ ಹಾಕ ಅನ್ನರಿ ಆಕಿಗಿ. ಧೂಳ ಬರಾಕತ್ತೇತಿ.”

“ಅಕ್ಕೋರ, ಹೇಳ್ರಿ ಆಕಿಗಿ, ಹಾಕಿದ್ರ ವಾಂತಿ ಆಗತೈತಿ.”

ಬಸ್ಸು ಗೋಕಾಕ ಮುಟ್ಟುವತನಕ ಕಂಬದ ಕೆಲಸ ನಾನು ಮಾಡಿದೆ. ಅದು ಎಷ್ಟು ಕಷ್ಟದ ನೌಕರಿ ಎಂಬುದು ನನಗೆ ಅವತ್ತು ತಿಳಿಯಿತು.

ಶಿಬಿರದಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಸಿಸ್ಟರ್ ಲಕ್ಷ್ಮೀ ನನ್ನನ್ನು ನೋಡಿದ ಕೂಡಲೆ ಕೈ ಹಿಡಿದು ಕುರ್ಚಿಯ ಮೇಲೆ ಕೂರಿಸಿದಳು. “ಅಜ್ಜಿ, ನಿಮಗ ಯಾವ ಕಣ್ಣರಿ? ಎಡದೊ ಬಲದೊ?”

“ನಾ ರೋಗಿ ಅಲ್ಲವ್ವ. ಇವರ ಜೋಡಿ ಬಂದೇನಿ.”

ಅವಳು ನನ್ನ ದಪ್ಪ ಕನ್ನಡಕ ನೋಡಿದಳು, ವಯಸ್ಸು ಕೇಳಿದಳು. ಎಪ್ಪತ್ನಾಲ್ಕು ಅಂದೆ. “ನಿಮ್ಮನ್ನ ನೋಡಕೊಳ್ಳಾಕ ಇನ್ನೊಬ್ಬರ್ನ ಕರಕೊಂಡ ಬರಬೇಕಾಗತೈತ್ರಿ” ಎಂದು ನಕ್ಕು, ಶಿವವ್ವನ ಕಡೆ ತಿರುಗಿದಳು. “ನೀವು ಇವರಿಗೆ ಏನಾಗಬೇಕ್ರಿ?”

ಶಿವವ್ವ ನನ್ನನ್ನು ನೋಡಿದಳು. ಗೌರಕ್ಕ ಚಾವಣಿ ನೋಡಿದಳು. “ನೆಗೆಣ್ಣಿ ಅಂತ ಬರಕೊಳ್ರಿ” ಅಂದೆ ನಾನು. ನನಗೆ ಹೊತ್ತು ಮುಳುಗುವತನಕ ವಾರ್ಡಿನ ಬಾಗಿಲ ಬಳಿಯ ಬೆಂಚಿನ ಮೇಲೆ ಕೂರಲು ಅಪ್ಪಣೆಯಾಯಿತು.

ಒಳಗೆ ಹೊಸ ತೊಂದರೆ. ಅಲ್ಲಿ ಕಂಬವಿರಲಿಲ್ಲ. ಶಿವವ್ವ ಸುತ್ತಲೂ ನೋಡಿ, ಮಂಚದ ಪಕ್ಕ ನಿಂತಿದ್ದ ಸಲಾಯಿನ್ ಬಾಟಲಿ ತೂಗುಹಾಕುವ ಕಬ್ಬಿಣದ ಸ್ಟ್ಯಾಂಡನ್ನು ಆರಿಸಿಕೊಂಡಳು.

“ಏ ಕಬ್ಬಣಾ, ಕೇಳ ಆಕಿಗಿ, ಚಾ ಕುಡಿತಾಳೇನಂತ.”

“ಏ ಕಬ್ಬಣಾ, ಹೇಳ, ಸಕ್ಕರಿ ಕಡಿಮಿ ಇದ್ರ ಮಾತ್ರ.”

ಅಲ್ಲೇ ನಿಂತಿದ್ದ ಲಕ್ಷ್ಮೀ ಸ್ಟ್ಯಾಂಡನ್ನೊಮ್ಮೆ, ಇಬ್ಬರನ್ನೊಮ್ಮೆ ನೋಡಿ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು. “ಅಜ್ಜಿ, ಇವರಿಗೆ ಕಣ್ಣಿಂದಽ ತ್ರಾಸೇನ್ರಿ, ಇಲ್ಲಾ ಬ್ಯಾರೆನೂ ಐತೇನ್ರಿ?”

ಆಪರೇಷನ್ ಮಧ್ಯಾಹ್ನಕ್ಕೆ ಮುಗಿಯಿತು. ಬಲಗಣ್ಣಿಗೆ ಬಿಳಿ ಪಟ್ಟಿ ಕಟ್ಟಿ ಗೌರಕ್ಕನನ್ನು ಮಲಗಿಸಿದರು. ಎಡಗಣ್ಣಿನದು ಮೊದಲಿನ ಮಂಜೇ. ಲಕ್ಷ್ಮೀ ಎಲ್ಲರಿಗೂ ಕೇಳುವಂತೆ ನಿಯಮ ಹೇಳಿದಳು. “ಕೆಮ್ಮಂಗಿಲ್ಲ, ಬಗ್ಗಂಗಿಲ್ಲ, ಅಳಂಗಿಲ್ಲ. ಜೋರ್ಲೆ ಮಾತಾಡಂಗಂತೂ ಇಲ್ಲೇ ಇಲ್ಲ, ಕಣ್ಣಿಗೆ ಜೋರ ಬೀಳತೈತಿ. ಮತ್ತ ಬಳಿ ಹಾಕೊಂಡಾರಲ್ಲಾ, ಆ ಕಾಕೂನ ಬಳಿ ತಗಿಸ್ರಿ. ಬಾಜೂಕಿನವ್ರಿಗೆ ನಿದ್ದಿ ಇಲ್ಲ.”

ಶಿವವ್ವ ಒಂದೊಂದಾಗಿ ಬಳೆ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ನೆಲದ ಮೇಲೆ ಕೂತು, ಸದ್ದಾಗದಂತೆ ಮೋಸಂಬಿ ಸುಲಿಯತೊಡಗಿದಳು.

ಗೌರಕ್ಕನಿಗೆ ಎಚ್ಚರವಾದಾಗ ಸಂಜೆಯ ಐದು ಗಂಟೆ. ಕೈಯಿಂದ ಮಂಚದ ಅಂಚು ತಡವಿದಳು. ಕಿವಿಗೊಟ್ಟು ಕೇಳಿದಳು. ಎಲ್ಲೂ ಬಳೆಯ ಸದ್ದಿಲ್ಲ. ಕೂಗಿ ನೋಡೋಣವೆಂದರೆ ಕೂಗುವಂತಿಲ್ಲ. ಸ್ಟ್ಯಾಂಡಿಗೆ ಪಿಸುಮಾತಿನಲ್ಲಿ ಹೇಳಿದರೆ ಅದು ಯಾರಿಗೆ ಕೇಳಿಸಬೇಕು? ಅವಳ ತುಟಿ ಎರಡು ಸಲ ಅಲುಗಿ ಸುಮ್ಮನಾಯಿತು. ಮೂರನೆಯ ಸಲ ದನಿ ಬಂತು.

“ಶಿವ್ವಾ... ಅದಿಯೇನ?”

ಶಿವವ್ವನ ಕೈಯ ಮೋಸಂಬಿ ಉರುಳಿ ನನ್ನ ಬೆಂಚಿನ ತನಕ ಬಂತು. ಅವಳು ಸ್ಟ್ಯಾಂಡಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನಾನು ಮೋಸಂಬಿ ಎತ್ತಿಕೊಂಡು ಬೇರೆ ಕಡೆ ಮುಖ ಮಾಡಿದೆ.

“ಇಲ್ಲೇ ಅದೇನಿ ಯಕ್ಕಾ,” ಎಂದಿತು ಅವಳ ದನಿ. “ನಾ ಎಲ್ಲಿ ಹೋಗ್ಲಿ?”

“ಸದ್ದ ಇಲ್ಲಲಾ. ಹೋದಿ ಅಂತ ತಿಳಿದೆ.”

“ಬಳಿ ತಗಿಸ್ಯಾರ.”

“ಹಾಕ್ಕೊಂಡದ್ದು ಯಾಕ ಅಂತ ನನಗ ಗೊತ್ತಿತ್ತು. ಎತ್ತಿನ ಗಾಡಿ ಅಂದೆ, ನಾ ಎಂಥಾಕಿ!” ಗೌರಕ್ಕನ ಕೈ ಕಣ್ಣಿನ ಪಟ್ಟಿಯ ಕಡೆ ಹೋಯಿತು.

“ಏ ಯಕ್ಕಾ, ಅಳಬ್ಯಾಡ, ಅಳಂಗಿಲ್ಲ ಅಂದಾರ!” ಎಂದು ಶಿವವ್ವ ತಾನೇ ಗಳಗಳ ಅತ್ತಳು. ಒಳಗೆ ಬಂದ ಲಕ್ಷ್ಮೀ, “ಪೇಶಂಟ್ ಆರಾಮದಾರ, ನೀವ್ಯಾಕ ಅಳಾಕತ್ತೀರಿ?” ಎಂದು ಗದರಿಸಿ, ಅವಳಿಗೊಂದು ಲೋಟ ನೀರು ತಂದು ಕೊಟ್ಟು, ನೀರು ಕುಡಿದು ಮುಗಿಯುವತನಕ ಬೆನ್ನ ಮೇಲೆ ಕೈಯಿಟ್ಟು ನಿಂತಳು. ಅವಳಿಗೆ ಇನ್ನೂ ಇಪ್ಪತ್ತು ರೋಗಿಗಳಿದ್ದರು.

ಹೊತ್ತು ಮುಳುಗಿ ನಾನು ಬೆಂಚಿನಿಂದ ಏಳುವಾಗ ಇಬ್ಬರ ತಲೆಗಳೂ ಒಂದೇ ದಿಂಬಿಗೆ ಹತ್ತಿದ್ದವು. ಆರು ವರ್ಷದ ಮಾತನ್ನು ಪಿಸುಗುಟ್ಟಿ ಮುಗಿಸುವುದೆಂದರೆ ಸಣ್ಣ ಕೆಲಸವೇ?

ಮಸಗುಪ್ಪಿಗೆ ತಿರುಗಿ ಬಂದ ಮೇಲೆ ಕಂಬಕ್ಕೆ ಮತ್ತೆ ಮಾಲಿಂಗನ ಆಡೊಂದೇ ಗತಿಯಾಯಿತು. ಮೇಘಾ ತವರಿಗೆ ಬಂದಳು, ನವರಾತ್ರಿಯ ಮುಂದೆ ಹೆಣ್ಣು ಕೂಸು ಹಡೆದಳು. ಹದಿಮೂರನೆಯ ದಿನ ಕೂಸಿಗೆ ಎರೆಯುವುದನ್ನು ನೋಡಲು ನನ್ನನ್ನು ಕರೆದರು. ಬಚ್ಚಲಲ್ಲಿ ಗೌರಕ್ಕ ಕಾಲು ಚಾಚಿ ಕೂತಿದ್ದಳು. ಕೂಸು ಕಾಲ ಮೇಲೆ ಬೋರಲಾಗಿತ್ತು. ನೀರು ಹಾಕುವವಳು ಶಿವವ್ವ.

“ಇಷ್ಟ ಸುಡ ನೀರಾ? ಕೂಸ ಬೇಯಸ್ತಿಯೇನ?”

“ನಿನಗ ಎಲ್ಲಾ ಸುಡತೈತಿ. ಮುಟ್ಟಿ ನೋಡ, ತಣ್ಣಗ ಐತಿ.”

“ನಾ ಎರದ ಕೂಸಗೋಳ ಎಷ್ಟಂತ ಗೊತ್ತೈತೇನ ನಿನಗ?”

“ಎರಿಯುಮುಂದ ನೀರ ಹಾಕಿದಾಕಿ ಯಾರಂತ ಗೊತ್ತೈತೇನ?”

ಬಾಗಿಲಿಗೊರಗಿ ನಿಂತಿದ್ದ ಮೇಘಾ ಕಿವಿಯ ಮೇಲಿನ ಅರಿವೆ ಇನ್ನಷ್ಟು ಬಿಗಿ ಮಾಡಿಕೊಂಡು ನನ್ನ ಕಡೆ ವಾಲಿದಳು. “ಅಕ್ಕೋರ, ಇವರಿಬ್ಬರೂ ಮಾತ ಬಿಟ್ಟಾಗ ಮನಿ ಭಾಳ ಶಾಂತ ಇತ್ತಲ್ರಿ. ಮಧ್ಯಾಹ್ನ ಎರಡ ತಾಸರೆ ಮತ್ತ ಮಾತ ಬಿಡಸಾಕ ಬರತೈತೇನ್ರಿ? ಕೂಸ ಮಲಗಬೇಕು.”

ಅಷ್ಟರಲ್ಲಿ ಗೌರಕ್ಕ ಕೂಸಿನ ಕತ್ತು ವಾರೆ ಮಾಡಿ ಬಗ್ಗಿ ನೋಡಿದಳು. ಅವಳ ಮುಖ ಅರಳಿತು. “ಏ ಶಿವ್ವಾ, ಇಲ್ಲಿ ನೋಡ, ಕಿವಿ ಹಿಂದ ಸಾಸಿವಿ ಕಾಳಿನಷ್ಟ ಮಚ್ಚಿ ಐತಿ. ಯಾರೂ ನೋಡೇ ಇಲ್ಲ. ನಾ ನೋಡಿದೆ!”

ಮೇಘಾ ಓಡಿ ಬಂದಳು. ನಾನೂ ಕನ್ನಡಕ ಸರಿಮಾಡಿಕೊಂಡು ನೋಡಿದೆ. ಹೌದು, ನಿಜವಾಗಿ ಸಾಸಿವೆಯಷ್ಟು. ಶಿವವ್ವ ತಂಬಿಗೆ ಕೆಳಗಿಟ್ಟು ಬಗ್ಗಿದಳು. ಕಣ್ಣು ಕಿರಿದು ಮಾಡಿದಳು. ಇನ್ನೂ ಬಗ್ಗಿದಳು. ಮೂಗು ಕೂಸಿನ ಕಿವಿಗೆ ಹತ್ತಿತು.

“ಎಲ್ಲೈತಿ?”

“ಅಲ್ಲೇ ಐತಲ್ಲ, ನಿನ್ನ ಮೂಗಿನ ಕೆಳಗ!”

“ಸಾಬಾಣ ಬುರುಗ ಅಡ್ಡ ಬಂದೈತಿ, ಯಕ್ಕಾ.”

“ಬುರುಗ ತೊಳದ ಎಷ್ಟೊತ್ತಾತು!”

ಶಿವವ್ವ ಸೆರಗಿನಿಂದ ಎರಡೂ ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು. “ಹಾಂ, ಕಂಡ್ತು ಕಂಡ್ತು” ಅಂದಳು, ಕೂಸಿನ ಮತ್ತೊಂದು ಕಿವಿಯನ್ನು ನೋಡುತ್ತ.

ಗೌರಕ್ಕ ಕೂಸನ್ನು ಎತ್ತಿ, ಅರಿವೆಯಲ್ಲಿ ಸುತ್ತಿ ಮೇಘಾಳ ಕೈಗೆ ಕೊಟ್ಟಳು. ಒದ್ದೆ ಕೈಯಿಂದಲೇ ಶಿವವ್ವನ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿ, ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು ನೋಡಿದಳು.

“ಅಕ್ಕೋರ,” ಅಂದಳು, ಗದ್ದ ಬಿಡದೆ, “ದೀಪಾವಳಿ ಆದ ಮ್ಯಾಲೆ ಅಂದಿದ್ರಲ್ಲ, ಆ ಶಿಬಿರ ಯಾವ ತಾರೀಖರಿ? ಇಕಿ ಜೋಡಿ ನಾ ಹೊಂಟೇನಿ.”

“ನನಗೇನಾಗೇತಿ? ಎಲ್ಲಾ ಕಾಣತೈತಿ ನನಗ! ನೋಡ್ರಿ, ಅಕ್ಕೋರು ಹಸರ ಸೀರಿ ಉಟ್ಟಾರ” ಎಂದು ಶಿವವ್ವ ಕೂಗಾಡತೊಡಗಿದಳು. ಮೇಘಾಳ ತೋಳಲ್ಲಿ ಕೂಸು ಆಗಲೇ ನಿದ್ದೆ ಹೋಗಿತ್ತು.